ಎರಡು ಲ್ಯಾಬು, ಎರಡು ನಂಬರು: ನೀರಿನ ರಿಪೋರ್ಟ್ ಓದೋದು ಹೆಂಗೆ?

ಮಳೆಗಾಲ ಶುರುವಾಯ್ತು ಅಂದ್ರೆ ನನಗೆ ಬರೋ ಪತ್ರಗಳೆಲ್ಲ ನೀರಿನ ಬಗ್ಗೇನೇ. ಈ ಸಲ ಬಂದಿದ್ರಲ್ಲಿ ಆರು ಪತ್ರ ಒಂದೇ ವಿಷಯ ಸುತ್ತಾಡ್ತಿದ್ವು, ನೀರಲ್ಲಿ ಬ್ಯಾಕ್ಟೀರಿಯಾ ಇದೆಯಾ ಇಲ್ವಾ ಅಂತ ಲ್ಯಾಬಲ್ಲಿ ಹೆಂಗೆ ನೋಡ್ತಾರೆ, ಯಾವ ಟೆಸ್ಟ್ ನಂಬಬೇಕು ಅಂತ. ಹಂಗಾಗಿ ಎಲ್ಲಾ ಒಟ್ಟಿಗೆ ತಗೊಂಡಿದೀನಿ. ನಾನು ರಿಟೈರ್ ಆಗೋ ತನಕ ಟೆಸ್ಟ್ ಟ್ಯೂಬ್ ಹಿಡ್ಕೊಂಡೇ ಬದುಕಿದವಳು, ಈ ವಿಷಯ ಬಂದ್ರೆ ಮಾತು ನಿಲ್ಲಲ್ಲ, ಮೊದಲೇ ಹೇಳಿರ್ತೀನಿ.

ಪ್ರಶ್ನೆ: ಮೇಡಂ, ನಮ್ಮದು ಸಾಗರದ ಹತ್ರ ಒಂದು ಹಳ್ಳಿ. ಮನೆ ಹಿಂದೆ ಅಜ್ಜನ ಕಾಲದ ತೆರೆದ ಬಾವಿ ಇದೆ. ಹೋದ ತಿಂಗಳು ಮನೇಲಿ ಇಬ್ಬರಿಗೆ ವಾಂತಿಭೇದಿ ಆಯ್ತು ಅಂತ ನೀರು ಟೆಸ್ಟಿಗೆ ಕೊಟ್ವಿ. ಒಂದೇ ದಿನ, ಒಂದೇ ಕೊಡದಿಂದ ತುಂಬಿಸಿ ಎರಡು ಲ್ಯಾಬಿಗೆ ಕೊಟ್ಟಿದ್ದು. ಒಂದು ರಿಪೋರ್ಟಲ್ಲಿ ಟೋಟಲ್ ಕೋಲಿಫಾರ್ಮ್ 23 ಎಂಪಿಎನ್ ಅಂತಿದೆ, ಇನ್ನೊಂದ್ರಲ್ಲಿ 8 ಸಿಎಫ್‌ಯು ಅಂತಿದೆ. ಪಂಚಾಯ್ತಿ ಕಡೆಯಿಂದ ಬಂದು ಒಂದು ಸಣ್ಣ ಬಾಟಲಿಗೆ ನೀರು ಹಾಕಿದ್ರು, ಅದು ಕಪ್ಪಾಯ್ತು. ಇದ್ರಲ್ಲಿ ಯಾರು ಸುಳ್ಳು ಹೇಳ್ತಿರೋದು? ದುಡ್ಡು ಬೇರೆ ಕೊಟ್ಟಿದೀವಿ.

ಉತ್ತರ: ಯಾರೂ ಸುಳ್ಳು ಹೇಳ್ತಿಲ್ಲ ಸ್ವಾಮಿ. ಮೂರೂ ಜನ ಒಂದೇ ಮಾತು ಹೇಳ್ತಿದಾರೆ, ಈ ನೀರು ಹಂಗೇ ಕುಡಿಬೇಡಿ ಅಂತ. ಕೋಲಿಫಾರ್ಮ್ ಅಂದ್ರೆ ನೀರಿಗೆ ಕೊಳಕು ಸೇರಿದೆಯಾ ಅಂತ ಸುಳಿವು ಕೊಡೋ ಬ್ಯಾಕ್ಟೀರಿಯಾ ಗುಂಪು. ಕಪ್ಪಾದ ಬಾಟಲಿ ಕಥೆ ಮುಂದಿನ ಉತ್ತರದಲ್ಲಿ ಹೇಳಿದೀನಿ. ಆದ್ರೆ 23 ಹೆಂಗೆ ಬಂತು, 8 ಹೆಂಗೆ ಬಂತು ಅಂತ ಗೊತ್ತಾಗದೇ ಇದ್ರೆ ನಿಮಗೆ ಸಮಾಧಾನ ಆಗಲ್ಲ, ಅದಕ್ಕೇ ಒಂಚೂರು ಬಿಡಿಸಿ ಹೇಳ್ತೀನಿ.

ಮೊದಲು ಈ 23. ಎಂಪಿಎನ್ ಅಂದ್ರೆ ಮೋಸ್ಟ್ ಪ್ರಾಬಬಲ್ ನಂಬರ್, ಹೆಸರಲ್ಲೇ ಇದೆ ನೋಡಿ, 100 ಮಿಲಿ ನೀರಲ್ಲಿ ಬಹುಶಃ ಇಷ್ಟಿರಬಹುದು ಅನ್ನೋ ಲೆಕ್ಕ. ಇಲ್ಲಿ ಯಾರೂ ಬ್ಯಾಕ್ಟೀರಿಯಾನ ಒಂದು ಎರಡು ಅಂತ ಎಣಿಸಲ್ಲ. ಸಾಮಾನ್ಯವಾಗಿ ಮಾಡೋದು ಹಿಂಗೆ: ಮ್ಯಾಕಾಂಕಿ ಬ್ರಾತ್ ಅಂತ ಒಂದು ನೇರಳೆ ಬಣ್ಣದ ಸಾರು ಇರತ್ತೆ, ಅದ್ರಲ್ಲಿ ಹಾಲಿನ ಸಕ್ಕರೆ ಅಂದ್ರೆ ಲ್ಯಾಕ್ಟೋಸ್, ಜೊತೆಗೆ ಪಿತ್ತದ ಲವಣ. ಪಿತ್ತದ ಲವಣ ಯಾಕೆ ಅಂದ್ರೆ, ಕರುಳಲ್ಲಿ ಬದುಕೋ ಜಾತಿಗೆ ಅದು ಅಭ್ಯಾಸ, ಬೇರೆ ಎಷ್ಟೋ ಜಾತಿ ಅದ್ರಲ್ಲಿ ಬೆಳೆಯೋಕೆ ಆಗದೆ ಒದ್ದಾಡತ್ವೆ. 5 ಟ್ಯೂಬಿಗೆ 10 ಮಿಲಿ ನೀರು, 5ಕ್ಕೆ 1 ಮಿಲಿ, ಇನ್ನು 5ಕ್ಕೆ 0.1 ಮಿಲಿ ಹಾಕ್ತಾರೆ. ಪ್ರತಿ ಟ್ಯೂಬ್ ಒಳಗೂ ಒಂದು ಪುಟಾಣಿ ಗಾಜಿನ ಕೊಳವೆ ಬೋರಲು ಹಾಕಿರ್ತಾರೆ, ಡರ್ಹಂ ಟ್ಯೂಬ್ ಅಂತ. 37 ಡಿಗ್ರಿ ಶಾಖದಲ್ಲಿ ಇಟ್ಟು ಮಾರನೇ ದಿನ ನೋಡ್ತಾರೆ, ಏನೂ ಆಗಿಲ್ಲ ಅಂದ್ರೆ ಇನ್ನೊಂದು ದಿನ ಬಿಡ್ತಾರೆ. ಕೋಲಿಫಾರ್ಮ್ ಇದ್ರೆ ಸಕ್ಕರೆ ತಿಂದು ಹುಳಿ ಮಾಡತ್ತೆ, ನೇರಳೆ ಹೋಗಿ ಹಳದಿ ಆಗತ್ತೆ, ಗ್ಯಾಸ್ ಬಂದು ಆ ಬೋರಲು ಕೊಳವೆ ತುದೀಲಿ ಗುಳ್ಳೆ ಕಟ್ಕೊಳತ್ತೆ. ರಾತ್ರಿ ದೋಸೆ ಹಿಟ್ಟು ಉಬ್ಬೋದಕ್ಕೂ ಇದಕ್ಕೂ ಸಂಬಂಧ ದೂರದ್ದೇನಲ್ಲ.

ಅಲ್ಲಿಗೆ ಮುಗೀಲಿಲ್ಲ. ಹಳದಿ ಆಗಿದ್ದೆಲ್ಲ ಕೋಲಿಫಾರ್ಮೇ ಆಗಬೇಕಂತಿಲ್ಲ, ಅದಕ್ಕೆ ಆ ಟ್ಯೂಬುಗಳಿಂದ ಒಂದೊಂದು ಹನಿ ತೆಗೆದು ಬ್ರಿಲಿಯಂಟ್ ಗ್ರೀನ್ ಬೈಲ್ ಬ್ರಾತ್ ಅನ್ನೋ ಇನ್ನೊಂದು ಸಾರಿಗೆ ಹಾಕಿ ಮತ್ತೆ ಎರಡು ದಿನ ಕಾಯ್ತಾರೆ. ಆ ಗುಂಪಲ್ಲೇ ಕರುಳಿಂದ ಬರೋ ಇ. ಕೋಲೈ ಅನ್ನೋ ಜಾತಿ ಬೇಕು ಅಂದ್ರೆ 44.5 ಡಿಗ್ರೀಲಿ ಬೇರೆ ಟೆಸ್ಟು. ಹಿಂಗೆ ಮೂರು ನಾಲ್ಕು ದಿನ ಕಳೆದ ಮೇಲೆ ಯಾವ ಸಾಲಲ್ಲಿ ಎಷ್ಟು ಟ್ಯೂಬ್ ಪಾಸಿಟಿವ್ ಅಂತ ಬರ್ಕೊಂಡು ಒಂದು ಟೇಬಲ್ ತೆಗೆದು ನೋಡ್ತಾರೆ. ಈ ಟೇಬಲ್ಲಿನ ಗಣಿತ ಮೆಕ್ರೇಡಿ ಅನ್ನೋರು 1915ರಲ್ಲೇ ಹಾಕಿಕೊಟ್ಟಿದ್ದು. ನಿಮ್ಮ 23 ಅಂದ್ರೆ ಏನು ಗೊತ್ತಾ? 10 ಮಿಲಿಯ ಐದೂ ಟ್ಯೂಬ್ ಪಾಸಿಟಿವ್, 1 ಮಿಲಿಯವು ಒಂದೂ ಇಲ್ಲ, 0.1ರವು ಒಂದೂ ಇಲ್ಲ. 5-0-0. ಅಷ್ಟೇ ಮಾಹಿತಿಯಿಂದ ಬಂದ ನಂಬರು ಅದು. ಐದೈದು ಟ್ಯೂಬಿನ ಲೆಕ್ಕದಲ್ಲಿ ನಿಜವಾದ ಸಂಖ್ಯೆ ಆ ನಂಬರಿನ ಮೂರನೇ ಒಂದು ಭಾಗದಿಂದ ಮೂರು ಪಟ್ಟಿನ ತನಕ ಎಲ್ಲಿ ಬೇಕಾದ್ರೂ ಇರಬಹುದು, ಅಂದ್ರೆ ಸುಮಾರು 7ರಿಂದ 70. ಇದು ಲ್ಯಾಬಿನವರ ತಪ್ಪಲ್ಲ, ವಿಧಾನದ ಗುಣ. ರಿಪೋರ್ಟಲ್ಲಿ ಈ ರೇಂಜು ಬರೆಯದೆ ಬರೀ 23 ಅಂತ ಬರೆದ್ರೆ ಓದೋರಿಗೆ ತಕ್ಕಡೀಲಿ ತೂಗಿದ ಹಂಗೆ ಕಾಣತ್ತೆ, ಅದು ಮಾತ್ರ ನನಗೆ ಮೊದಲಿಂದಲೂ ಸರಿ ಅನ್ಸಿಲ್ಲ.

ಇನ್ನು 8 ಸಿಎಫ್‌ಯು. ಅಂದ್ರೆ ಕಾಲೊನಿ ಫಾರ್ಮಿಂಗ್ ಯೂನಿಟ್, ಬೆಳೆದು ಕಣ್ಣಿಗೆ ಕಂಡ ಚುಕ್ಕಿಗಳ ಎಣಿಕೆ. ಇದು ಮೆಂಬ್ರೇನ್ ಫಿಲ್ಟರ್ ವಿಧಾನ. 47 ಮಿಲಿಮೀಟರ್ ಅಗಲದ ಬಿಳೀ ಬಿಲ್ಲೆ, ಹಪ್ಪಳದ ಹಂಗಿರತ್ತೆ, ಅದ್ರಲ್ಲಿ 0.45 ಮೈಕ್ರಾನ್ ತೂತುಗಳು. 100 ಮಿಲಿ ನೀರನ್ನ ಪಂಪ್ ಹಾಕಿ ಅದ್ರ ಮೂಲಕ ಎಳೀತಾರೆ, ನೀರು ಕೆಳಗೆ ಹೋಗತ್ತೆ, ಬ್ಯಾಕ್ಟೀರಿಯಾ ಮೇಲೇ ಉಳ್ಕೊಳತ್ತೆ. ಆ ಬಿಲ್ಲೇನ ಅಗಾರ್ ಮೇಲೆ ಮಲಗಿಸಿ ಒಂದು ದಿನ ಶಾಖದಲ್ಲಿಟ್ರೆ ಒಂದೊಂದು ಬ್ಯಾಕ್ಟೀರಿಯಾನೂ ಸಂಸಾರ ಬೆಳೆಸಿ ಕಣ್ಣಿಗೆ ಕಾಣೋ ಚುಕ್ಕಿ ಆಗತ್ತೆ. ಎಂಡೋ ಅಗಾರ್ ಆದ್ರೆ ಕೋಲಿಫಾರ್ಮ್ ಚುಕ್ಕಿ ಜೀರ್ಜಿಂಬೆ ಬೆನ್ನಿನ ಥರ ಹಸಿರು ಮಿಂಚು ಹೊಡೆಯತ್ತೆ, ಮೊದಲ ಸಲ ನೋಡಿದಾಗ ನಾನಂತೂ ಹೊಲಸಿನಲ್ಲಿ ಇಷ್ಟು ಚಂದ ಇರತ್ತಾ ಅಂದ್ಕೊಂಡಿದ್ದೆ. (ಅಗಾರ್ ಅಂದ್ರೆ ಬೇರೇನಲ್ಲ, ಅಂಗಡೀಲಿ ಸಿಗೋ ಚೈನಾ ಗ್ರಾಸ್. 1881ರ ಸುಮಾರಿಗೆ ರಾಬರ್ಟ್ ಕಾಖ್ ಲ್ಯಾಬಲ್ಲಿ ಜೆಲಟಿನ್ ಸೆಕೆಗೆ ಕರಗಿ ಎಲ್ಲರೂ ತಲೆ ಕೆಡಿಸ್ಕೊಂಡಿದ್ದಾಗ, ಅಲ್ಲಿ ಕೆಲಸ ಮಾಡ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ನಾನು ಅಡುಗೆಮನೇಲಿ ಜೆಲ್ಲಿಗೆ ಹಾಕೋದು ಇದು, ಕರಗಲ್ಲ ನೋಡಿ ಅಂತ ತೋರಿಸಿಕೊಟ್ಟಿದ್ದು. ಇವತ್ತಿಗೂ ಇಡೀ ಪ್ರಪಂಚದ ಲ್ಯಾಬು ಅದರ ಮೇಲೇ ನಡೀತಿದೆ.)

ಇಲ್ಲಿ ನಿಜವಾಗ್ಲೂ ಎಣಿಸ್ತಾರೆ, ಅದಕ್ಕೇ ನಂಬರ್ ಒಂಚೂರು ಗಟ್ಟಿ. ಆದ್ರೂ 8 ಅಂದ್ರೆ 8ಕ್ಕೆ 8 ಅಲ್ಲ, ಅದೂ ಸುಮಾರು 4ರಿಂದ 16. ಯಾಕೆ ಅಂದ್ರೆ ಮದುವೆ ಊಟದ ಪಂಕ್ತೀಲಿ ಪಾಯಸ ಬಡಿಸ್ತಾ ಹೋಗೋದು ನೆನೆಸ್ಕೊಳ್ಳಿ, ಒಂದೇ ಕೊಳಗದ ಪಾಯಸ, ಒಬ್ಬರ ಎಲೆಗೆ ಮೂರು ಗೋಡಂಬಿ ಬೀಳತ್ತೆ, ಪಕ್ಕದವರಿಗೆ ಒಂದೂ ಇಲ್ಲ. ಬಡಿಸೋನು ಮೋಸ ಮಾಡಿದ ಅಂತೀವಾ? ನಿಮ್ಮ ಎರಡು ಬಾಟಲಿ ಕಥೆನೂ ಅಷ್ಟೇ. ಒಂದು ಕಡೆ 7ರಿಂದ 70, ಇನ್ನೊಂದು ಕಡೆ 4ರಿಂದ 16, ಎರಡೂ ಒಂದರ ಮೇಲೊಂದು ಕೂರತ್ವೆ, ಜಗಳವೇ ಇಲ್ಲ.

ಹಂಗಾದ್ರೆ ಫಿಲ್ಟರೇ ಒಳ್ಳೇದಲ್ವಾ ಅಂತೀರಿ. ತಿಳಿ ನೀರಿಗೆ ಹೌದು. ನಿಮ್ಮ ಕಡೆ ಆಷಾಢದಲ್ಲಿ ಬಾವಿ ನೀರು ಕೆಮ್ಮಣ್ಣು ಬಣ್ಣಕ್ಕೆ ತಿರುಗಿದಾಗ ತಂದು ಕೊಡಿ, ಅರ್ಧ ಇಳಿಯೋದ್ರೊಳಗೆ ಬಿಲ್ಲೆ ಕಟ್ಕೊಳತ್ತೆ, ಇಳಿದ್ರೂ ಮಣ್ಣಿನ ಪದರದ ಮೇಲೆ ಚುಕ್ಕಿ ಸರಿಯಾಗಿ ಮೂಡಲ್ಲ. ಬೇರೆ ಜಾತಿ ಬ್ಯಾಕ್ಟೀರಿಯಾ ಜಾಸ್ತಿ ಇದ್ರೆ ಅವೇ ಜಾಗ ಎಲ್ಲಾ ಆಕ್ರಮಿಸ್ಕೊಂಡು ನಮಗೆ ಬೇಕಾದ್ದು ಮುಚ್ಚಿಹೋಗತ್ತೆ. ಅಲ್ಲಿ ಹಳೇ ಟ್ಯೂಬೇ ಗಟ್ಟಿ, ರಾಡಿ ನೀರು ಹಾಕಿದ್ರೂ ತಲೆ ಕೆಡಿಸ್ಕೊಳಲ್ಲ. ಇನ್ನೊಂದು ವಿಷಯ, ಕ್ಲೋರಿನ್ ಪೆಟ್ಟು ತಿಂದು ಅರೆಜೀವ ಆಗಿರೋ ಬ್ಯಾಕ್ಟೀರಿಯಾ ಇರ್ತವಲ್ಲ, ಅವು ಬೇರೆ ಜಾತಿ ತಡೆಯೋಕೆ ಅಗಾರ್‌ಗೆ ಹಾಕಿರೋ ಖಾರದ ಪದಾರ್ಥ ತಡ್ಕೊಂಡು ಚೇತರಿಸ್ಕೊಳಲ್ಲ, ಹಂಗಾಗಿ ಕ್ಲೋರಿನ್ ಹಾಕಿದ ನೀರಲ್ಲಿ ಫಿಲ್ಟರ್ ನಂಬರ್ ಕಮ್ಮಿ ಬರೋದು ಉಂಟು.

ಈಗ ನಿಮಗೆ ನನ್ನದೊಂದು ಪ್ರಶ್ನೆ. ಕೊಡದಿಂದ ತುಂಬಿಸಿದ್ವಿ ಅಂದ್ರಲ್ಲ, ಆ ಕೊಡ ಎಲ್ಲಿತ್ತು? ಬಾವಿಕಟ್ಟೆ ಮೇಲೆ? ಹಗ್ಗ ಎಲ್ಲಿ ಬಿದ್ದಿತ್ತು? ಕೊಡದ ಕಂಠಕ್ಕೆ ಕೈ ಹಾಕಿ ಎತ್ತಿರ್ತೀರಿ, ಆ ಕೈಯಲ್ಲಿ ಅದಕ್ಕೆ ಮುಂಚೆ ಕೊಟ್ಟಿಗೇಲಿ ಸಗಣಿ ಬಾಚಿರ್ತೀರಿ. ಹಂಗಾದ್ರೆ ಆ 23ರಲ್ಲಿ ಬಾವೀದು ಎಷ್ಟು, ಕೈಯಿಂದು ಎಷ್ಟು? ಲ್ಯಾಬು ಹೇಳಕ್ಕಾಗಲ್ಲ. ನಾನು ಸರ್ವೀಸಲ್ಲಿದ್ದಾಗ ಜನ ಸ್ಯಾಂಪಲ್ ತರ್ತಿದ್ದ ಬಾಟಲಿಗಳನ್ನ ನೆನೆಸ್ಕೊಂಡ್ರೆ ಈಗ್ಲೂ ನಗು ಬರತ್ತೆ, ಕೂಲ್‌ಡ್ರಿಂಕ್ ಬಾಟಲಿ, ಹರಳೆಣ್ಣೆ ಬಾಟಲಿ, ಒಬ್ಬರಂತೂ ಬ್ರಾಂದಿ ಬಾಟಲೀಲಿ ತಂದು, ಮೇಡಂ ಇದ್ರಲ್ಲಿ ಯಾವ ಹುಳನೂ ಬದುಕಿರಲ್ಲ ಬಿಡಿ ಅಂತ ತಾವೇ ನಕ್ಕಿದ್ರು. ಲ್ಯಾಬಿಂದಲೇ ಸ್ಟೆರೈಲ್ ಮಾಡಿದ ಬಾಟಲಿ ಇಸ್ಕೊಳ್ಳಿ, ಬಾವಿಗಾದ್ರೆ ಬಾಟಲಿಗೇ ಕ್ಲೀನ್ ದಾರ, ಕ್ಲೀನ್ ಕಲ್ಲು ಕಟ್ಟಿ ಇಳಿಸಿ, ಗೋಡೆಗೆ ತಾಗಿಸಬೇಡಿ, ಪೂರ್ತಿ ತುಂಬಿಸದೆ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ಐಸ್ ಇಟ್ಟ ಡಬ್ಬದಲ್ಲಿ ಅವತ್ತೇ ತಲುಪಿಸಿ. ಬಿಸಿಲಲ್ಲಿ ಬಸ್ಸಿನ ಟಾಪ್ ಮೇಲೆ ಸಂಜೆ ತನಕ ಕೂತು ಬಂದ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದೂ ಇರಬಹುದು, ಸತ್ತೂ ಇರಬಹುದು, ಯಾವುದು ಅಂತ ಹೇಳೋಕೆ ಯಾವ ದುಬಾರಿ ಮಷೀನಿಂದಲೂ ಸಾಧ್ಯ ಇಲ್ಲ.

ಕೊನೇದಾಗಿ, ಎರಡು ರಿಪೋರ್ಟಲ್ಲೂ ಇ. ಕೋಲೈ ಅನ್ನೋ ಸಾಲು ಇದೆಯಾ ನೋಡಿ. ಟೋಟಲ್ ಕೋಲಿಫಾರ್ಮಲ್ಲಿ ಮಣ್ಣಲ್ಲಿ, ಎಲೆ ಕೊಳೆಯೋ ಕಡೆ ಇರೋ ಜಾತಿನೂ ಸೇರತ್ತೆ, ತೆರೆದ ಬಾವೀಲಿ ಅದು ಇರದೇ ಇದ್ರೇ ಆಶ್ಚರ್ಯ. ಇ. ಕೋಲೈ ಹಂಗಲ್ಲ, ಅದು ಮನುಷ್ಯರದ್ದೋ ದನದ್ದೋ ಕರುಳಿಂದ ಬಂದಿದ್ದು. ಕುಡಿಯೋ ನೀರಿಗೆ ನಮ್ಮ ದೇಶದ ಸ್ಟ್ಯಾಂಡರ್ಡು ಐಎಸ್ 10500, ಅದ್ರ ಪ್ರಕಾರ 100 ಮಿಲೀಲಿ ಎರಡೂ ಸಿಗಲೇಬಾರದು. ಆದ್ರೆ ಹೆದರೋ ವಿಷಯದಲ್ಲಿ ಎರಡೂ ಒಂದೇ ಅಲ್ಲ. ಇ. ಕೋಲೈ ಇದ್ರೆ ಬಾವಿಗೂ ಕಕ್ಕಸಿನ ಗುಂಡಿಗೂ, ಬಾವಿಗೂ ಕೊಟ್ಟಿಗೆಗೂ ಎಷ್ಟು ದೂರ ಅಂತ ಅವತ್ತೇ ಅಳೀರಿ. ಇಬ್ಬರಿಗೆ ವಾಂತಿಭೇದಿ ಆಗಿದೆ ಅಂತೀರಿ, ಹಂಗಾಗಿ ಆ ಸಾಲು ಇಲ್ಲದೆ ಇದ್ರೆ ಹೊಸ ಸ್ಯಾಂಪಲ್ ಕೊಟ್ಟು ಅದನ್ನೇ ಕೇಳಿ.

ಪ್ರಶ್ನೆ: ನಾನು ನಮ್ಮೂರಲ್ಲಿ ನೀರು ಪರೀಕ್ಷೆ ಮಾಡೋ ಮಹಿಳಾ ತಂಡದಲ್ಲಿದೀನಿ, ಕೊಪ್ಪಳ ಜಿಲ್ಲೆ. ನಮಗೆ ಕಿಟ್ ಕೊಟ್ಟಾರ್ರಿ, ಅದರಾಗ ಬ್ಯಾಕ್ಟೀರಿಯಾ ನೋಡಾಕ ಒಂದು ಸಣ್ಣ ಬಾಟ್ಲಿ ಐತಿ. ಡಿಸೆಂಬರ್‌ನಾಗ ಹಾಕಿದ್ದು ಒಂದು ದಿನ ಬಿಟ್ಟು ನೋಡಿದ್ರ ಕಪ್ಪಾಗಿರ್ಲಿಲ್ಲ, ಚಲೋ ಅದ ಅಂತ ಬರದ್ವಿ. ಮರುದಿನ ನೋಡಿದ್ರ ಕರ್ರಗ ಆಗಿತ್ತು. ಈಗ ಏನಂತ ಬರೀಬೇಕ್ರಿ ಮೇಡಂ?

ಉತ್ತರ: ಕಪ್ಪಾಯ್ತು ಅಂತಲೇ ಬರೀರಿ ತಂಗಿ. ಪುಸ್ತಕದಲ್ಲಿ ಹಳೇ ಸಾಲು ಹೊಡೆದು ಹಾಕಬೇಡಿ, ಕೆಳಗೆ ಎರಡನೇ ಸಾಲಲ್ಲಿ "24 ತಾಸಿಗೆ ಇಲ್ಲ, 48 ತಾಸಿಗೆ ಕಪ್ಪು" ಅಂತ ಬರೀರಿ.

ಇದು ಹೈಡ್ರೋಜನ್ ಸಲ್ಫೈಡ್ ಟೆಸ್ಟು, ಎಚ್‌ಟುಎಸ್ ಅಂತಾರೆ. ಹೊರಗಿಂದ ಬಂದಿದ್ದಲ್ಲ, ನಮ್ಮ ದೇಶದ್ದೇ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ, ರಾವ್ ಅನ್ನೋ ಮೂರು ಜನ 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬರೆದಿದ್ದು, ಆಮೇಲೆ ಎಷ್ಟೋ ದೇಶದ ಹಳ್ಳಿಗಳಿಗೆ ಹೋಗಿದೆ. ಬಾಟಲಿ ಒಳಗಿನ ಕಾಗದಕ್ಕೆ ಪೆಪ್ಟೋನು, ಕಬ್ಬಿಣದ ಲವಣ, ಥಯೋಸಲ್ಫೇಟ್ ಎಲ್ಲ ಹಚ್ಚಿ ಒಣಗಿಸಿರ್ತಾರೆ. ಮಲದ ಜೊತೆ ಬರೋ ಕೆಲವು ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬಿಡತ್ವೆ, ಅದು ಕಬ್ಬಿಣದ ಜೊತೆ ಸೇರಿ ಕಪ್ಪಾಗತ್ತೆ. ತಮಾಷೆ ಅಂದ್ರೆ ಇ. ಕೋಲೈ ಸಾಮಾನ್ಯವಾಗಿ ಆ ಗ್ಯಾಸ್ ಬಿಡೋದೇ ಇಲ್ಲ. ಸಾಲ್ಮೊನೆಲ್ಲಾ, ಸಿಟ್ರೋಬ್ಯಾಕ್ಟರ್, ಪ್ರೋಟಿಯಸ್, ಕ್ಲಾಸ್ಟ್ರಿಡಿಯಂ ಇಂಥವು ಬಿಡೋದು. ಹಂಗಾಗಿ ಲ್ಯಾಬಿನ ಟೆಸ್ಟು ಒಂದು ಗುಂಪನ್ನ ಹುಡುಕತ್ತೆ, ನಿಮ್ಮ ಬಾಟಲಿ ಇನ್ನೊಂದು ಗುಂಪನ್ನ, ಇಬ್ಬರೂ ಬರೋದು ಮಾತ್ರ ಒಂದೇ ಕೊಳಕಿನಿಂದ. ಕೆಲವು ಸಲ ಎರಡಕ್ಕೂ ತಾಳೆ ಆಗದೆ ಇರೋದು ಇದಕ್ಕೇ.

ಬ್ಯಾಕ್ಟೀರಿಯಾಕ್ಕೆ ಚಳಿ ಆಗಿಬರಲ್ಲ. ನಿಮ್ಮ ಕಡೆ ಡಿಸೆಂಬರ್ ರಾತ್ರಿ ಥಂಡಿ ಚೆನ್ನಾಗೇ ಇರತ್ತೆ, ಬಾಟಲಿ ಕಿಟಕಿ ಹತ್ರ ಇಟ್ಟಿದ್ರೆ ಕಪ್ಪಾಗೋಕೆ ತಡ ಆಗತ್ತೆ. ಅಡುಗೆಮನೇಲಿ ಬೆಚ್ಚಗಿರೋ ಗೂಡಲ್ಲಿ ಇಡಿ, ಒಲೆ ಮೇಲಲ್ಲ ಮತ್ತೆ. 48 ತಾಸು ಆಗೋ ತನಕ "ಚಲೋ" ಅಂತ ಬರೀಲೇಬೇಡಿ. ಇನ್ನೊಂದು, ನೀರು ಹಾಕಿದ ಹತ್ತು ನಿಮಿಷಕ್ಕೇ ಕಪ್ಪಾಯ್ತು ಅಂದ್ರೆ ಅದು ಬ್ಯಾಕ್ಟೀರಿಯಾ ಅಲ್ಲ, ಬೋರ್ ನೀರಲ್ಲೇ ಆ ಗ್ಯಾಸ್ ಇರತ್ತೆ, ಮೂಗಿಗೂ ಗೊತ್ತಾಗತ್ತೆ.

ಕಪ್ಪಾಗಲಿಲ್ಲ ಅಂದ್ರೆ ಖಂಡಿತಾ ಚಲೋ ಅಂತಲೂ ಅಲ್ಲ, ಇದು ಯಾರೂ ಹೇಳಿಕೊಡಲ್ಲ. ಆ ಬಾಟಲಿಗೆ ಹಿಡಿಯೋದು ಸುಮಾರು 20 ಮಿಲಿ. ನೀರಲ್ಲಿ 100 ಮಿಲಿಗೆ ಸರಾಸರಿ 1 ಬ್ಯಾಕ್ಟೀರಿಯಾ ಇದೆ ಅಂತ ಇಟ್ಕೊಳ್ಳಿ. 20 ಮಿಲಿ ತೆಗೆದ್ರೆ ನೂರಕ್ಕೆ 80ಕ್ಕೂ ಜಾಸ್ತಿ ಸಲ ಆ ಒಂದು ನಿಮ್ಮ ಬಾಟಲಿ ಒಳಗೆ ಬರೋದೇ ಇಲ್ಲ. ಅಷ್ಟೇ ಯಾಕೆ, ಲ್ಯಾಬಲ್ಲಿ ಪೂರ್ತಿ 100 ಮಿಲಿ ತೆಗೆದ್ರೂ ನೂರಕ್ಕೆ 37 ಸಲ ಸೊನ್ನೆ ಬರತ್ತೆ. ಅದಕ್ಕೆ ಒಂದು ಸಲ ಅಲ್ಲ, ತಿಂಗಳು ತಿಂಗಳು ಮಾಡಿ, ಮಳೆ ಬಿದ್ದ ಮಾರನೇ ದಿನ, ಪೈಪ್ ಒಡೆದು ರಿಪೇರಿ ಆದ ದಿನ ತಪ್ಪಿಸಬೇಡಿ. ಲ್ಯಾಬಿನ ಒಂದು ದುಬಾರಿ ಟೆಸ್ಟಿಗಿಂತ ನಿಮ್ಮ ಹನ್ನೆರಡು ಬಾಟಲಿ ಊರಿಗೆ ಜಾಸ್ತಿ ಉಪಯೋಗ ಅಂತ ನಾನಂತೂ ಧೈರ್ಯವಾಗಿ ಹೇಳ್ತೀನಿ. ಕಪ್ಪಾದ ದಿನ ಮಾತ್ರ ನೀರುಗಂಟಿಗೆ ಹೇಳಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಪಕ್ಕಾ ಮಾಡ್ಕೊಳೋಕೆ ತಾಲ್ಲೂಕು ಲ್ಯಾಬಿಗೆ ಕಳಿಸಿ. ಮತ್ತೆ ಆ ಕಪ್ಪು ಬಾಟಲಿ ಹಿತ್ತಲಲ್ಲಿ ಎಸೀಬೇಡಿ, ಮಕ್ಕಳು ಮುಟ್ಟತ್ವೆ, ಅದ್ರಲ್ಲಿ ಕೋಟಿಗಟ್ಟಲೆ ಬೆಳೆದಿರತ್ತೆ, ಬ್ಲೀಚಿಂಗ್ ಪೌಡರ್ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಆಮೇಲೆ ಚೆಲ್ಲಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ, 120 ಮನೆ. ಬೋರು, ಟ್ಯಾಂಕರು ಎರಡೂ ಸಂಪಿಗೆ ಬೀಳತ್ತೆ. ನೀರಿನ ಟೆಸ್ಟಿಗೆ ಕೊಟೇಶನ್ ತಗೊಂಡ್ರೆ ಒಬ್ಬರು ಎಂಪಿಎನ್ ಅಂತಾರೆ, ಇನ್ನೊಬ್ಬರು ಕೋಲಿಲರ್ಟ್ ಅಂತ ಜಾಸ್ತಿ ರೇಟ್ ಹೇಳ್ತಾರೆ, 24 ಗಂಟೇಲಿ ರಿಸಲ್ಟ್ ಅಂತೆ. ಕಮಿಟೀಲಿ ಒಂದೇ ಗಲಾಟೆ. ಜಾಸ್ತಿ ದುಡ್ಡು ಕೊಡೋಕೆ ಅರ್ಥ ಇದೆಯಾ?

ಉತ್ತರ: ನಿಮ್ಮ ಪರಿಸ್ಥಿತೀಲಿ ಇದೆ. ಟ್ಯಾಂಕರ್ ನೀರು ಇವತ್ತು ಬಂದು ನಾಳಿದ್ದಿಗೆ ಖಾಲಿ ಆಗತ್ತೆ, ನಾಲ್ಕನೇ ದಿನ ಎಂಪಿಎನ್ ರಿಪೋರ್ಟ್ ಬರೋ ಹೊತ್ತಿಗೆ 120 ಮನೆಯವರೂ ಆ ನೀರು ಕುಡಿದು ಮುಗಿಸಿರ್ತಾರೆ. ಆಮೇಲೆ ರಿಪೋರ್ಟ್ ಇಟ್ಕೊಂಡು ಏನು ಮಾಡ್ತೀರಿ, ಫೈಲಿಗೆ ಹಾಕ್ತೀರಿ.

ಕೋಲಿಲರ್ಟ್ ಹೆಂಗೆ ಕೆಲಸ ಮಾಡತ್ತೆ ಅಂದ್ರೆ, ಎನ್‌ಜೈಮ್ ಆಟ. 1988ರಲ್ಲಿ ಯೇಲ್ ಯೂನಿವರ್ಸಿಟಿಯ ಸ್ಟೀಫನ್ ಎಡ್‌ಬರ್ಗ್ ಮತ್ತೆ ಜೊತೆಯವರು ಪ್ರಕಟಿಸಿದ ಐಡಿಯಾ. ಕಡ್ಲೆಕಾಯಿ ಬಿಡಿಸಿ ಕಾಳು ತಿಂದು ಸಿಪ್ಪೆ ಬಿಟ್ಟು ಹೋದ್ರೆ ಯಾರೋ ಬಂದಿದ್ರು ಅಂತ ಗೊತ್ತಾಗತ್ತಲ್ಲ, ಹಂಗೆ. ಸಕ್ಕರೆಗೆ ಬಣ್ಣದ ಪದಾರ್ಥ ಅಂಟಿಸಿರ್ತಾರೆ. ಕೋಲಿಫಾರ್ಮ್ ಹತ್ರ ಬೀಟಾ ಗ್ಯಾಲಕ್ಟೊಸಿಡೇಸ್ ಅನ್ನೋ ಎನ್‌ಜೈಮ್ ಇರತ್ತೆ, ಅದು ಸಕ್ಕರೆ ಕತ್ತರಿಸಿ ತಿಂದ್ರೆ ಉಳಿದಿದ್ದು ನೀರನ್ನ ಹಳದಿ ಮಾಡತ್ತೆ. ಇ. ಕೋಲೈ ಹತ್ರ ಇನ್ನೊಂದು ಎನ್‌ಜೈಮ್ ಇದೆ, ಗ್ಲುಕುರೊನಿಡೇಸ್, ಅದು ಇನ್ನೊಂದು ಪದಾರ್ಥ ಒಡೆದ್ರೆ ಯುವಿ ಲೈಟ್ ಕೆಳಗೆ ನೀಲಿಯಾಗಿ ಹೊಳೆಯತ್ತೆ. ಒಂದೇ ಬಾಟಲಿ, ಒಂದೇ ದಿನ, ಎರಡೂ ಉತ್ತರ. ಎಣಿಕೆ ಬೇಕಾದ್ರೆ ಆ ನೀರನ್ನ 97 ಗುಳಿ ಇರೋ ಪ್ಲಾಸ್ಟಿಕ್ ಟ್ರೇಗೆ ಸುರಿದು ಸೀಲ್ ಮಾಡ್ತಾರೆ, ಎಷ್ಟು ಗುಳಿ ಹೊಳೀತು ಅಂತ ನೋಡಿ ಟೇಬಲ್ ತೆಗೀತಾರೆ. ಕಮಿಟೀಲಿ ಗಲಾಟೆ ಮಾಡೋರಿಗೆ ಹೇಳಿ, ಇದೂ ಎಂಪಿಎನ್ನೇ! 15 ಟ್ಯೂಬಿನ ಬದಲು 97 ಗುಳಿ, ಅದಕ್ಕೆ ಅಂದಾಜು ಹೆಚ್ಚು ಬಿಗಿ. ರಿಪೋರ್ಟಲ್ಲಿ 2419.6ಕ್ಕಿಂತ ಜಾಸ್ತಿ ಅಂತ ಬಂದ್ರೆ ಪಾಯಿಂಟ್ ಸಿಕ್ಸ್ ತನಕ ಎಣಿಸಿದಾರೆ ಅಂತ ಖುಷಿ ಪಡಬೇಡಿ, ಟ್ರೇ ಎಲ್ಲಾ ತುಂಬಿಹೋಯ್ತು, ಎಷ್ಟಿದೆ ಗೊತ್ತಿಲ್ಲ ಅಂತ ಅರ್ಥ.

ಇದಕ್ಕೂ ಕೊರತೆ ಇದೆ. ಓ157 ಅನ್ನೋ ಕೆಟ್ಟ ಇ. ಕೋಲೈ ತಳಿಗೆ ಆ ಎರಡನೇ ಎನ್‌ಜೈಮ್ ಸಾಮಾನ್ಯವಾಗಿ ಕೆಲಸ ಮಾಡಲ್ಲ, ಹಂಗಾಗಿ ಅದು ಹೊಳೆಯಲ್ಲ. ಆದ್ರೆ ಚರಂಡಿ ನೀರು ಸೇರಿದ್ರೆ ಅದೊಂದೇ ಬರಲ್ಲ, ಸಾಧು ಇ. ಕೋಲೈ ದಂಡೇ ಜೊತೆಗೆ ಬರತ್ತೆ, ಅವು ಹೊಳೀತವೆ, ಅಲ್ಲಿಗೆ ನಮಗೆ ಬೇಕಾದ ಸುಳಿವು ಸಿಗತ್ತೆ. ಮತ್ತೆ ಹೊತ್ತು ಮುಖ್ಯ. 24 ಗಂಟೆಗೆ ನೋಡಬೇಕು, 28 ಗಂಟೆ ದಾಟಿದ ಮೇಲೆ ಹಳದಿ ಆದ್ರೆ ಅದನ್ನ ಪಾಸಿಟಿವ್ ಅಂತ ತಗೊಳಂಗಿಲ್ಲ. ಶನಿವಾರ ಹಾಕಿ ಸೋಮವಾರ ನೋಡೋ ಲ್ಯಾಬಾದ್ರೆ ದುಬಾರಿ ಕಿಟ್ ದಂಡ, ಇದನ್ನ ಕೊಟೇಶನ್ ಕೊಟ್ಟವರಿಗೆ ಮೊದಲೇ ಕೇಳಿ.

ಲ್ಯಾಬಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಹೇಳಿಕೊಡ್ತೀನಿ: ನಮ್ಮ ಸ್ಯಾಂಪಲ್ ಜೊತೆ ಬ್ಲ್ಯಾಂಕ್ ಹಾಕಿದ್ರಾ? ಬ್ಲ್ಯಾಂಕ್ ಅಂದ್ರೆ ಸ್ಟೆರೈಲ್ ನೀರು, ಅದ್ರಲ್ಲಿ ಏನೂ ಬೆಳೀಬಾರದು. ಒಂದು ಸಲ ನಾನು ಕೆಲಸ ಮಾಡ್ತಿದ್ದ ಕಡೇನೇ ಒಂದು ವಾರ ಪೂರ್ತಿ ಎಲ್ಲಾ ಊರಿನ ನೀರೂ ಪಾಸಿಟಿವ್ ಬಂತು, ನಾವು ಏನು ಮಹಾಮಾರಿ ಬಂತಪ್ಪಾ ಅಂತ ಹೆದರಿ ಕೂತಿದ್ವಿ, ಆಮೇಲೆ ಬ್ಲ್ಯಾಂಕ್ ನೋಡಿದ್ರೆ ಅದೂ ಹಳದಿ. ಆಟೋಕ್ಲೇವ್ ಅಂದ್ರೆ ಹಬೇಲಿ ಸ್ಟೆರೈಲ್ ಮಾಡೋ ದೊಡ್ಡ ಕುಕ್ಕರ್, ಅದರ ಗ್ಯಾಸ್ಕೆಟ್ ಹೋಗಿತ್ತು! ಹದಿನೈದು ಊರಿಗೆ ಮತ್ತೆ ಫೋನ್ ಮಾಡಿದ್ದು ಇವತ್ತಿಗೂ ಮರ್ತಿಲ್ಲ.

ಸ್ಯಾಂಪಲ್ ಬಾಟಲಿ ತಳದಲ್ಲಿ ಸ್ವಲ್ಪ ಬಿಳೀ ಪುಡಿನೋ ಎರಡು ಹನಿನೋ ಇದ್ರೆ ಕೊಳಕು ಅಂದ್ಕೊಂಡು ತೊಳೆದು ಬಿಡಬೇಡಿ. ಅದು ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ನನ್ನ ಅಲ್ಲೇ ನಿಲ್ಲಿಸೋಕೆ ಹಾಕಿರ್ತಾರೆ. ಇಲ್ಲ ಅಂದ್ರೆ ಕಾರಲ್ಲಿ ಲ್ಯಾಬಿಗೆ ಹೋಗೋ ಎರಡು ಗಂಟೇಲಿ ಕ್ಲೋರಿನ್ ಬಾಟಲಿ ಒಳಗೇ ಬ್ಯಾಕ್ಟೀರಿಯಾ ಕೊಲ್ತಾ ಇರತ್ತೆ, ನಿಮ್ಮ ನಲ್ಲೀಲಿ ಇರೋದಕ್ಕಿಂತ ಚಂದದ ರಿಪೋರ್ಟ್ ಬರತ್ತೆ. ಮತ್ತೆ ಒಂದೇ ಸ್ಯಾಂಪಲ್ ಕೊಡೋದಾದ್ರೆ ಕೊಡಲೇಬೇಡಿ. ಸಂಪು, ಮೇಲಿನ ಟ್ಯಾಂಕು, ಯಾವುದಾದ್ರೂ ಒಂದು ಮನೆ ಅಡುಗೆಮನೆ ನಲ್ಲಿ, ಮೂರು ಕಡೆಯಿಂದ ಕೊಡಿ. ಸಂಪಲ್ಲಿ ಇಲ್ಲದೆ ನಲ್ಲೀಲಿ ಇದ್ರೆ ಟ್ಯಾಂಕರ್‌ನವನ ಜೊತೆ ಜಗಳ ಬೇಡ, ನಿಮ್ಮ ಟ್ಯಾಂಕ್ ಮುಚ್ಚಳ ಹತ್ತಿ ನೋಡಿ. ನಲ್ಲಿಗೆ ಜಾಲರಿ, ಪ್ಲಾಸ್ಟಿಕ್ ಪೈಪ್ ಇದ್ರೆ ತೆಗೆದು, ಬಾಯಿಗೆ ಸ್ಪಿರಿಟ್ ಹಚ್ಚಿ ಅಥವಾ ಬೆಂಕಿ ತೋರಿಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ಹಿಡೀರಿ. ಅಲ್ಲೇ ನಿಂತು ಕ್ಲೋರಿನ್ ಎಷ್ಟಿದೆ ಅಂತನೂ ನೋಡಿ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, ಇದಕ್ಕೆ ಒಂದೇ ನಿಮಿಷ ಸಾಕು.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಓದ್ತಿದೀನಿ. ಪ್ರಾಕ್ಟಿಕಲ್ಲಲ್ಲಿ ಇನ್ನೂ ಎಂಪಿಎನ್ ಮಾಡಿಸ್ತಾರೆ, ನೂರು ವರ್ಷ ಹಳೇದು! ಪಿಸಿಆರ್ ಮಾಡಿದ್ರೆ ಕೆಲವೇ ಗಂಟೇಲಿ ಆಗತ್ತಲ್ವಾ?

ಉತ್ತರ: ಕೋವಿಡ್ ಆದ ಮೇಲೆ ಎಲ್ಲರ ಬಾಯಲ್ಲೂ ಪಿಸಿಆರ್, ಅಂದ್ರೆ ಕ್ರಿಮಿಯ ಡಿಎನ್‌ಎ ಹುಡುಕೋ ಟೆಸ್ಟು. ಒಳ್ಳೇ ಪ್ರಶ್ನೆನೇ ಕೇಳಿದೀಯಪ್ಪ. ಇ. ಕೋಲೈಯ ಯುಐಡಿಎ ಜೀನ್ ಹುಡುಕಿದ್ರೆ ಮೂರ್ನಾಲ್ಕು ಗಂಟೇಲಿ ಉತ್ತರ ಬರತ್ತೆ, ನಿಜ. ಅಮೆರಿಕದಲ್ಲಿ ಈಜೋ ಬೀಚುಗಳ ನೀರಿಗೆ ಕ್ಯೂಪಿಸಿಆರ್ (ಎಷ್ಟಿದೆ ಅಂತನೂ ಅಳೆಯೋ ಪಿಸಿಆರ್) ಬಳಸೋ ವಿಧಾನವನ್ನ ಅಲ್ಲಿನ ಪರಿಸರ ಸಂಸ್ಥೆನೇ ಕೊಟ್ಟಿದೆ, ಬೆಳಿಗ್ಗೆ ತೆಗೆದ ಸ್ಯಾಂಪಲ್ಲಿಗೆ ಅವತ್ತೇ ಇಳೀರಿ, ಇಳೀಬೇಡಿ ಅಂತ ಹೇಳಬೇಕಲ್ಲ.

ಆದ್ರೆ ಕುಡಿಯೋ ನೀರಲ್ಲಿ ಒಂದು ತೊಡಕಿದೆ. ಕ್ಲೋರಿನ್ ಹಾಕಿದ್ಮೇಲೆ ಬ್ಯಾಕ್ಟೀರಿಯಾ ಸಾಯತ್ತೆ, ಡಿಎನ್‌ಎ ಅಲ್ಲೇ ತೇಲ್ತಾ ಇರತ್ತೆ. ಪಿಸಿಆರ್‌ಗೆ ಹೆಣಕ್ಕೂ ಜೀವಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಚೆನ್ನಾಗಿ ಕ್ಲೋರಿನ್ ಹಾಕಿದ ನೀರನ್ನೇ ಕೆಟ್ಟದ್ದು ಅಂದುಬಿಡತ್ತೆ. ಸತ್ತಿದ್ದನ್ನ ಬಿಟ್ಟು ಬದುಕಿದ್ದನ್ನ ಮಾತ್ರ ಹಿಡಿಯೋಕೆ ಬೇರೆ ಬಣ್ಣ ಹಾಕೋ ಉಪಾಯ ಇದೆ, ಅದು ಇನ್ನೂ ಖರ್ಚು. ಎರಡನೇದು ಅಳತೆ. ಸ್ಟ್ಯಾಂಡರ್ಡ್ ಕೇಳೋದು 100 ಮಿಲಿ, ನಿನ್ನ ಪಿಸಿಆರ್ ಟ್ಯೂಬಿಗೆ ಹೋಗೋದು ಕೆಲವು ಮೈಕ್ರೋಲೀಟರ್. ಅಷ್ಟೂ ನೀರನ್ನ ಸೋಸಿ ಆ ಒಂದು ಹನಿಗೆ ಇಳಿಸಬೇಕು, ಅಂದ್ರೆ ಮತ್ತೆ ಅದೇ ಮೆಂಬ್ರೇನ್ ಫಿಲ್ಟರ್! ಮಧ್ಯದಲ್ಲಿ ನೀರಲ್ಲಿರೋ ಹ್ಯೂಮಿಕ್ ಪದಾರ್ಥ, ಅಂದ್ರೆ ಕೊಳೆತ ಎಲೆ ಮಣ್ಣಿನ ಸಾರ, ಬಂದು ರಿಯಾಕ್ಷನ್ನೇ ನಿಲ್ಲಿಸಿಬಿಟ್ರೆ ಇದ್ರೂ ಇಲ್ಲ ಅನ್ನತ್ತೆ. ಹಂಗಂತ ಬೆಳೆಸಿ ನೋಡೋ ವಿಧಾನವೂ ಸಂಪೂರ್ಣ ಅಲ್ಲ, ಬದುಕಿದ್ರೂ ಅಗಾರ್ ಮೇಲೆ ಬೆಳೆಯದೆ ಮಲಗಿರೋ ಬ್ಯಾಕ್ಟೀರಿಯಾ ಇರ್ತವೆ, ನಿನ್ನ ಸಿಲಬಸ್ಸಲ್ಲಿ ವಿಬಿಎನ್‌ಸಿ ಅಂತ ಓದಿರ್ತೀಯ.

ಪಿಸಿಆರ್ ಎಲ್ಲಿ ಬೇಕು ಅಂದ್ರೆ ಊರಲ್ಲಿ ರೋಗ ಎದ್ದಾಗ, ಯಾವ ಕ್ರಿಮಿ ಅಂತ ಬೇಗ ಗುರುತು ಹಿಡಿಯೋಕೆ, ಮಲ ಮನುಷ್ಯರದ್ದೋ ದನದ್ದೋ ಅಂತ ನೋಡೋಕೆ. ತಾಲ್ಲೂಕು ಲ್ಯಾಬಲ್ಲಿ ತಿಂಗಳಿಗೆ ನೂರಾರು ಸ್ಯಾಂಪಲ್‌ಗೆ ಅಲ್ಲ, ಅಲ್ಲಿ ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಹೆಂಗಪ್ಪಾ ಅನ್ನೋದೇ ಚಿಂತೆ. ಎಂಪಿಎನ್ ಮಾಡಿಸ್ತಾರೆ ಅಂತ ಬೇಜಾರಾಗಬೇಡ, ಡರ್ಹಂ ಟ್ಯೂಬಲ್ಲಿ ಗುಳ್ಳೆ ಇಲ್ಲದಂಗೆ ತುಂಬಿಸೋಕೆ ಬಂದ್ರೆ ನಿನಗೆ ಅರ್ಧ ಲ್ಯಾಬ್ ಕೆಲಸ ಬಂದಂಗೆ.

ಪ್ರಶ್ನೆ: ಮನೇಲಿ ಟಿಡಿಎಸ್ ಮೀಟರ್ ಇದೆ. ಆರ್‌ಓ ನೀರು 40 ತೋರಿಸತ್ತೆ, ನಲ್ಲಿ ನೀರು 450. ಬ್ಯಾಕ್ಟೀರಿಯಾ ಟೆಸ್ಟ್ ಬೇರೆ ಯಾಕೆ ಬೇಕು? (ಮೈಸೂರು)

ಉತ್ತರ: ಟಿಡಿಎಸ್ ಅಳೆಯೋದು ಕರಗಿರೋ ಲವಣ. ಬ್ಯಾಕ್ಟೀರಿಯಾ ಲವಣ ಅಲ್ಲ. 40 ಟಿಡಿಎಸ್ ನೀರಿಗೆ ಒಂದು ಚಮಚ ಚರಂಡಿ ನೀರು ಬೆರೆಸಿದ್ರೂ ಮೀಟರ್ ಹೆಚ್ಚುಕಮ್ಮಿ ಅಲ್ಲೇ ಇರತ್ತೆ. ಆರ್‌ಓ ಮೆಷೀನು ಕ್ಲೋರಿನ್ ತೆಗೆದುಬಿಡತ್ತೆ, ಆಮೇಲೆ ಅದರ ಟ್ಯಾಂಕಲ್ಲಿ ನಿಂತ ನೀರಿಗೆ ಕಾವಲು ಯಾರೂ ಇಲ್ಲ, ಒಳಗೆ ಲೋಳೆ ಕಟ್ಟೋದು ಅದಕ್ಕೇ. ಅಂಥ ಕಡೆ ಸ್ಯೂಡೊಮೊನಾಸ್ ಅನ್ನೋದು ಆರಾಮಾಗಿ ಬೆಳೆಯತ್ತೆ, ಅದು ಕೋಲಿಫಾರ್ಮ್ ಟೆಸ್ಟಲ್ಲಿ ಕಾಣಲ್ಲ, ಬಾಟಲಿ ನೀರಿನ ಸ್ಟ್ಯಾಂಡರ್ಡಲ್ಲಿ 250 ಮಿಲೀಲಿ ಅದು ಇರಬಾರದು ಅಂತ ಬೇರೆಯಾಗೇ ಹಾಕಿದಾರೆ. ಟ್ಯಾಂಕ್ ಬಿಚ್ಚಿ ಒಳಗೆ ಬೆರಳು ಆಡಿಸಿ ನೋಡಿ, ಜಾರತ್ತೆ ಅಂದ್ರೆ ಸರ್ವೀಸ್‌ನವರಿಗೆ ಫೋನ್ ಮಾಡಿ.

ಪ್ರಶ್ನೆ: ರಿಪೋರ್ಟ್ ಬರೋಕೆ ನಾಲ್ಕು ದಿನ ಅಂತಾರೆ. ಅಲ್ಲಿವರೆಗೂ ಏನು ಕುಡಿಯೋದು? ಮನೇಲಿ ಆರು ತಿಂಗಳ ಮಗು ಇದೆ. (ದಾವಣಗೆರೆ)

ಉತ್ತರ: ಕಾಯಿಸಿ ಕುಡೀರಿ ತಾಯಿ. ಕಾಯಿಸೋದು ಅಂದ್ರೆ ಬಿಸಿ ಆಗೋದಲ್ಲ, ಪಾತ್ರೆ ತುಂಬಾ ಕೊತ ಕೊತ ಕುದಿ ಬರಬೇಕು, ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಹತ್ತಿಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡಬೇಡಿ. ಅದೇ ಪಾತ್ರೇಲಿ ಮುಚ್ಚಿ ಆರೋಕೆ ಬಿಡಿ. ನಾನು ನೋಡಿರೋ ಮನೆಗಳಲ್ಲಿ ತಪ್ಪಾಗೋದೆಲ್ಲ ಆರಿದ ಮೇಲೆ. ಚೆನ್ನಾಗಿ ಕುದಿಸಿ, ಆಮೇಲೆ ನಿನ್ನೆ ನೀರಿದ್ದ ಬಿಂದಿಗೆಗೆ ತೊಳೆಯದೆ ಸುರೀತಾರೆ, ಅದಕ್ಕೆ ಲೋಟ ಮುಳುಗಿಸಿ ತೆಗೀತಾರೆ, ಬೆರಳು ಎರಡೂ ನೀರಲ್ಲಿ. ಉದ್ದ ಹಿಡಿಯ ಸೌಟು ಇಟ್ಕೊಳ್ಳಿ, ಇಲ್ಲಾ ನಲ್ಲಿ ಇರೋ ಡ್ರಮ್ ತಗೊಳ್ಳಿ. ಸ್ಯಾಂಪಲ್ ಮಾತ್ರ ಕಾಯಿಸಿದ ನೀರಿಂದ ಕೊಡಬೇಡಿ ಮತ್ತೆ, ಹಂಗೆ ಕೊಟ್ಟು, ನಮ್ಮ ನೀರಲ್ಲಿ ಏನೂ ಇಲ್ಲ ಅಂತ ಸರ್ಟಿಫಿಕೇಟ್ ತಗೊಂಡು ಹೋದೋರನ್ನೂ ನಾನು ನೋಡಿದೀನಿ.